ಸಿಪ್ಪಿ ಸೂಗಪ್ಪನ ಅಮಾವಾಸ್ಯೆ ಟೈರು

ಸೂಗಪ್ಪ ರಬ್ಬರು ಹಾಕಿಕೊಟ್ಟ ಒಂದು ಟೈರು ರಾಯಚೂರಿನಿಂದ ಹೈದರಾಬಾದಿಗೆ ಎಷ್ಟು ಸಲ ಹೋಗಿಬಂತೆಂದರೆ, ಕೊನೆಗೆ ಟೈರು ಸವೆಯಲಿಲ್ಲ, ರಸ್ತೆಯೇ ಸವೆಯಿತು. ಎತ್ತು ಇಳಿದರೆ ಕೊಂಬು ಕಾಣದಷ್ಟು ತಗ್ಗು ಬಿತ್ತು. ರಸ್ತೆ ಇಲಾಖೆಯ ದೊಡ್ಡ ಸಾಹೇಬರು ಜೀಪಿನಲ್ಲಿ ಬಂದು, ಟೋಪಿ ತೆಗೆದು, ಅವನ ಎರಡೂ ಕೈ ಹಿಡಿದು, “ಉಸ್ತಾದ, ಒಂದೀಟು ಕಚ್ಚಾ ಕೆಲಸ ಮಾಡಪಾ, ನಿನ್ನ ಟೈರಿನಿಂದ ಸರಕಾರ ಮುಳಗಾಕತ್ತದ” ಎಂದು ಕಣ್ಣೀರು ಹಾಕಿದರು.

ಈ ಸಂಗತಿಗೆ ಇದ್ದ ಸಾಕ್ಷಿ ಒಬ್ಬನೇ, ಸೂಗಪ್ಪ. ರಾಯಚೂರಿನ ಗಂಜ್ ಮಾರುಕಟ್ಟೆಯ ಎದುರಿನ ಚಹಾದಂಗಡಿಯಲ್ಲಿ ಅದನ್ನು ಅವನು ಹೇಳದ ದಿನವಿರಲಿಲ್ಲ. ಕೃಷ್ಣಾ ಹೊಳೆಗೆ ಬಿದ್ದ ಅವನ ಟೈರನ್ನು ಮೊಸಳೆಯೊಂದು ಕಚ್ಚಿ ಹಲ್ಲೆಲ್ಲ ಉದುರಿಸಿಕೊಂಡದ್ದು, ಈಗಲೂ ಅದು ದಂಡೆಗೆ ಬಂದು ಮೆತ್ತನೆಯ ಅನ್ನ ಬೇಡುವುದು, ಅದೂ ಅಲ್ಲೇ ಹುಟ್ಟಿದ ಕತೆ. ಮನೆದೇವರ ಆಣೆ ಹಾಕಿ ಹೇಳುತ್ತಿದ್ದ. ಜನ ಕೇಳುತ್ತಿದ್ದರು, ನಗುತ್ತಿದ್ದರು, ಒಂದು ಚಹಾ ಹೆಚ್ಚಿಗೆ ಕೊಡಿಸುತ್ತಿದ್ದರು. ನಂಬುತ್ತಾರೋ ಇಲ್ಲವೋ ಎಂದು ಸೂಗಪ್ಪ ಯಾವತ್ತೂ ಯೋಚಿಸಿದವನಲ್ಲ. ಕತೆ ಸುಳ್ಳಾದರೇನು, ಕೆಲಸ ಸುಳ್ಳಾಗಿರಲಿಲ್ಲ. ಸವೆದು ಬೋಳಾದ ಟೈರನ್ನು ಕೆರೆದು, ಸಲೂಷನ್ನಿನ ಅಂಟು ಬಳಿದು, ಹೊಸ ರಬ್ಬರಿನ ಪಟ್ಟಿ ಸುತ್ತಿ, ಅಚ್ಚಿನಲ್ಲಿ ಕೂರಿಸಿ, ಬಾಯ್ಲರಿನ ಹಬೆಯಲ್ಲಿ ಬೇಯಿಸಿ ಅವನು ಹೊರಗೆ ತೆಗೆದನೆಂದರೆ, ಹಳೆಯದು ಎಲ್ಲಿ ಮುಗಿಯಿತು, ಹೊಸದು ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸುವುದು ಬ್ರಹ್ಮನಿಂದಲೂ ಆಗುತ್ತಿರಲಿಲ್ಲ.

ಅಂಥ ಸೂಗಪ್ಪನ ಕೊರಳಿಗೆ ಎಂಬತ್ಮೂರನೇ ಇಸವಿಯ ಬೇಸಿಗೆಯಲ್ಲಿ, ದೇವದುರ್ಗದ ತುಂಬಿದ ಸಂತೆಯಲ್ಲಿ, ಸಿದ್ದರಾಮಪ್ಪ ಟೈರಿನ ಸಿಪ್ಪೆ ಹಾಕಿದ.

ಸಿದ್ದರಾಮಪ್ಪ ಮಾನ್ವಿಯವನು. ಅವನದೊಂದು ಪಿಕಪ್ ಗಾಡಿ: ಮುಂದೆ ಜೀಪಿನ ಮೂತಿ, ಹಿಂದೆ ತೆರೆದ ತೊಟ್ಟಿ. ಮಾನ್ವಿಯ ಅಕ್ಕಿ ಹೇರಿಕೊಂಡು ದೇವದುರ್ಗದ ಸಂತೆಗೆ ತಾನೇ ಓಡಿಸಿಕೊಂಡು ಹೋಗುತ್ತಿದ್ದ. ಆವತ್ತು ದೇವದುರ್ಗದ ಗುಡ್ಡದ ಇಳಿಜಾರಿನಲ್ಲಿ ಮುಂದಿನ ಟೈರಿಗೆ ಸೂಗಪ್ಪ ಹಾಕಿದ್ದ ರಬ್ಬರು ಕಳಚಿತು. ಗಾಡಿ ಹೊರಳಿ ಅಕ್ಕಿಯೆಲ್ಲ ಹಳ್ಳದ ಪಾಲಾಯಿತು. ಸಿದ್ದರಾಮಪ್ಪನ ಹಣೆ ಒಡೆಯಿತು. ಆ ರಕ್ತವನ್ನೂ ಒರೆಸಿಕೊಳ್ಳದೆ, ಕಳಚಿದ ರಬ್ಬರನ್ನು ಸತ್ತ ಹಾವಿನಂತೆ ಹೆಗಲಿಗೆ ಹಾಕಿಕೊಂಡು ಅವನು ಸಂತೆಗೆ ನಡೆದು ಬಂದ. ಹಳೆ ಟೈರು ಹುಡುಕಿಕೊಂಡು ಬಂದಿದ್ದ ಸೂಗಪ್ಪ ಅಲ್ಲೇ ಜನ ಸೇರಿಸಿ ಮೊಸಳೆಯ ಕತೆ ಹೇಳುತ್ತಿದ್ದ. ಹಲ್ಲು ಉದುರುವ ಜಾಗಕ್ಕೆ ಬಂದಿದ್ದ.

“ಹೇಳು ಉಸ್ತಾದ, ನಿಂದ್ರಬ್ಯಾಡ! ಹಾರ ಹಾಕ್ಕೊಂಡು ಹೇಳು!” ಎಂದು ಸಿದ್ದರಾಮಪ್ಪ ಇನ್ನೂ ಬಿಸಿಯಿದ್ದ ಆ ರಬ್ಬರನ್ನು ಅವನ ಕೊರಳಿಗೆ ಸುತ್ತಿದ.

“ಗಾಳಿ ನೋಡ್ಸಿದ್ದೇನು? ಹೊರಿ ಎಷ್ಟು ಹಾಕಿದ್ದಿ?” ಎಂದ ಸೂಗಪ್ಪ. ಕಸುಬು ಬಲ್ಲವನು ಕೇಳಬೇಕಾದ ಪ್ರಶ್ನೆ ಅದೇ. ಗಾಳಿ ಕಡಿಮೆಯಾಗಿ ಹೊರೆ ಹೆಚ್ಚಾದರೆ, ಉರಿಬಿಸಿಲಿನಲ್ಲಿ ಯಾವ ರಬ್ಬರೂ ಮೈ ಬಿಡುತ್ತದೆ.

“ಊರಾಗಿನ ಗಾಳೆಲ್ಲಾ ನಿನ್ನ ಬಾಯಾಗ ಅದಲ್ಲಲೇ! ಟೈರಿಗೆ ಎಲ್ಲಿಂದ ತರ್ಲಿ?”

ಸಂತೆಯೇ ನಕ್ಕಿತು. ತಕ್ಕಡಿ ಹಿಡಿದವರು ತಕ್ಕಡಿ ಕೆಳಗಿಟ್ಟು ನಕ್ಕರು. ಒಣಮೆಣಸಿನಕಾಯಿ ಮಾರುವ ಬೂದೆಮ್ಮ, ದೇವದುರ್ಗದಲ್ಲಿ ಯಾರಿಗೆ ಯಾವ ಅಡ್ಡಹೆಸರು ಎಂದು ತೀರ್ಮಾನಿಸುವ ಮುದುಕಿ, ಎದ್ದು ಬಂದು ಆ ರಬ್ಬರು ಮುಟ್ಟಿ ನೋಡಿದಳು. “ಯವ್ವಾ, ಬಾಳಿಹಣ್ಣು ಸುಲದಂಗ ಸುಲದದಲ್ಲ! ಸಿಪ್ಪಿ ಸೂಗಪ್ಪ ಅನ್ರಿ ಇವಗ!”

ಹೆಸರು ಬಸ್ಸಿಗಿಂತ ಮೊದಲೇ ರಾಯಚೂರು ಮುಟ್ಟಿತ್ತು. ಸೂಗಪ್ಪ ಬಸ್ಸಿಳಿದಾಗ ಚಹಾದಂಗಡಿಯವನು, “ಬಾರಪ್ಪಾ ಸಿಪ್ಪಿ” ಎಂದ. ಆ ಬಿಸಿ ರಬ್ಬರು ಕೊರಳಿಗೆ ಹಚ್ಚಿದ ಕಪ್ಪು ಗೆರೆ ತಿಂಗಳುಗಟ್ಟಲೆ ಹೋಗಲಿಲ್ಲ. ಸಾಬೂನಿನ ಪೆಟ್ಟಿಗೆ ಪೆಟ್ಟಿಗೆ ಖಾಲಿಯಾದವು, ರಾಯಚೂರಿನ ಒಂದು ಬಾವಿಯೇ ಬತ್ತಿತು, ಗೆರೆ ಮಾತ್ರ ಹಾಗೇ ಉಳಿಯಿತು. ಲಾರಿಯವರು ಟೈರು ತಂದರೂ, ಕೈಗೆ ಕೊಡುವ ಮೊದಲು ಬಾಳೆಹಣ್ಣು ಸುಲಿಯುವ ಹಾಗೆ ಬೆರಳು ಆಡಿಸಿ ಕಣ್ಣು ಹೊಡೆಯುತ್ತಿದ್ದರು. ಹೆಂಡತಿ ಬಸ್ಸಮ್ಮ ನಲ್ಲಿಗೆ ಹೋದರೆ, “ಸಿಪ್ಪಿ ಮನಿಯಾಕಿ ಬಂದ್ಲು, ಕೊಡ ಮುಂದ ಬಿಡ್ರಿ” ಎನ್ನುತ್ತಿದ್ದರು. ಅವಳು ಮನೆಗೆ ಬಂದು ಕೊಡ ಕುಕ್ಕುತ್ತಿದ್ದಳೇ ಹೊರತು ಒಂದು ಮಾತೂ ಆಡುತ್ತಿರಲಿಲ್ಲ. ಆಡಿದ್ದರೆ ಒಳ್ಳೆಯದಿತ್ತು. ಆ ಕೊಡದ ಸದ್ದಿಗೆ ಸೂಗಪ್ಪನ ಎದೆಯಲ್ಲಿ ಬಾಯ್ಲರು ಕುದಿಯುತ್ತಿತ್ತು, ಅದಕ್ಕೆ ಹಬೆ ಬಿಡುವ ನಲ್ಲಿಯಿರಲಿಲ್ಲ.

ತನ್ನ ತಪ್ಪಾಗಿದ್ದರೆ ನುಂಗಿಕೊಳ್ಳುತ್ತಿದ್ದ. ತಪ್ಪು ತನ್ನದಲ್ಲ. ಅದೇ ಅವನನ್ನು ಸುಡುತ್ತಿದ್ದದ್ದು.

ಸಿದ್ದರಾಮಪ್ಪನನ್ನು ಕೊಲ್ಲಬೇಕು ಎಂಬುದು ಅವನಿಗೆ ಹೊಳೆದದ್ದು ಊಟಕ್ಕೆ ಕುಳಿತಾಗ, ರೊಟ್ಟಿ ಮುರಿಯುವಾಗ. ಮುರಿದ ರೊಟ್ಟಿಯ ಮೇಲ್ಪದರ ಉಬ್ಬಿ ಬೇರೆಯಾಗಿತ್ತು, ನಡುವೆ ಬರೀ ಗಾಳಿ. ಅವನು ಅದನ್ನು ಬಹಳ ಹೊತ್ತು ನೋಡಿದ. ಚಾಕುವಿನಿಂದ ಕೊಂದರೆ ಪೊಲೀಸರು ಬರುತ್ತಾರೆ, ವಿಷ ಹಾಕಿದರೆ ಡಾಕ್ಟರು ಬರುತ್ತಾರೆ. ಟೈರು ಕೊಂದರೆ ಯಾರು ಬರುತ್ತಾರೆ? “ಪಾಪ, ಹಣೆಬರಹ” ಎನ್ನುವವರು ಬರುತ್ತಾರೆ. ಜಗತ್ತು ಹುಟ್ಟಿದಾಗಿನಿಂದ ಒಂದು ಟೈರನ್ನೂ ಯಾರೂ ಜೈಲಿಗೆ ಹಾಕಿಲ್ಲ.

ಇನ್ನು ಸಾಕ್ಷಿ. ಈ ಸೀಮೆಯಲ್ಲಿ ರಸ್ತೆಗೆ ಬಿದ್ದ ರಬ್ಬರು ಹೊತ್ತು ಮುಳುಗುವವರೆಗೆ ಉಳಿಯುವುದಿಲ್ಲ. ಚಪ್ಪಲಿಯ ಅಟ್ಟೆಗೋ, ಬಾಗಿಲಿನ ತಿರುಗಣೆಗೋ, ಬಂಡಿಯ ಅಚ್ಚಿನ ಕೆಳಗಿಡಲೋ, ಯಾರಾದರೂ ಎತ್ತಿಕೊಂಡು ಹೋಗಿಯೇ ಹೋಗುತ್ತಾರೆ. ತನ್ನ ಅಪರಾಧವನ್ನು ಊರ ಜನರೇ ತುಂಡು ತುಂಡು ಮಾಡಿ, ಮೊಳೆ ಹೊಡೆದು, ಕಾಲಿಗೆ ಮೆಟ್ಟಿಕೊಂಡು ತಿರುಗುತ್ತಾರೆ. ಇದನ್ನು ನೆನೆದಾಗ ವರ್ಷದಲ್ಲಿ ಮೊದಲ ಸಲ ಸೂಗಪ್ಪನಿಗೆ ನಗು ಬಂತು. ಸಿದ್ದರಾಮಪ್ಪ ಗಾಡಿ ಓಡಿಸುವುದು ಒಬ್ಬನೇ, ಹಿಂದೆ ಬರೀ ಮೂಟೆ. ಮೂಟೆಗಳಿಗೆ ಹೆಂಡತಿ ಮಕ್ಕಳಿರುವುದಿಲ್ಲ. ಹೀಗೆ ಎಲ್ಲ ಕಡೆಯಿಂದಲೂ ತೂಗಿ ನೋಡಿದ. ಇಂಥ ಸಂಚು ಹಾಕಲು ದಿಲ್ಲಿಯ ಬಾದಶಹರ ಕಾಲದಿಂದ ಇಲ್ಲಿಯವರೆಗೆ ಒಬ್ಬನೂ ಹುಟ್ಟಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಅದನ್ನು ಚಹಾದಂಗಡಿಯಲ್ಲಿ ಹೇಳಲಾಗುವುದಿಲ್ಲವಲ್ಲ ಎಂಬುದೊಂದೇ ಸಂಕಟ.

ಶಿವರಾತ್ರಿಯ ಮರುದಿನ ಅಮಾವಾಸ್ಯೆ. ಅಮಾವಾಸ್ಯೆಗೆ ಯಾರೂ ಬಾಯ್ಲರು ಹೊತ್ತಿಸುವುದಿಲ್ಲ. ಕೆಲಸದವರು ಉಪವಾಸ, ಜಾಗರಣೆ ಮುಗಿಸಿ ಊರಿನಲ್ಲಿ ಮಲಗಿರುತ್ತಾರೆ. ಸೂಗಪ್ಪ ಹಾಡುಹಗಲೇ ಅಂಗಡಿಯ ಬಾಗಿಲು ಹಾಕಿಕೊಂಡು, ಒಬ್ಬನೇ ಬೆಂಕಿ ಹಾಕಿದ.

ಟೈರನ್ನು ಎಂದಿನಂತೆ ಕೆರೆದ, ಎಂದಿಗಿಂತ ಚೆನ್ನಾಗಿ ಕೆರೆದ. ಸಲೂಷನ್ ಬಳಿದ. ಎರಡೂ ಅಂಚುಗಳಲ್ಲಿ ರಬ್ಬರು ಕಚ್ಚಿ ಹಿಡಿಯಬೇಕು, ನಡುವೆ ಹಿಡಿಯಬಾರದು. ನಡುವೆ ಏನಾದರೂ ಉದುರಿಸಬೇಕು. ಟ್ಯೂಬಿಗೆ ಹಚ್ಚುವ ಚಾಕ್ ಪೌಡರು ಅಂಗಡಿಯಲ್ಲೇ ಇತ್ತು. ಆದರೆ ಅದು ಒರಟು, ಸಲೂಷನ್ನಿನ ಜೊತೆ ಸೇರಿ ಹೊರಗೆ ಬಿಳಿ ಗೆರೆ ಬಿಡುತ್ತದೆ. ಸೂಗಪ್ಪ ಕಚ್ಚಾ ಕೆಲಸದವನೇ? ಹೆಂಡತಿಯ ಟ್ರಂಕಿನಲ್ಲಿದ್ದ ಮಲ್ಲಿಗೆ ವಾಸನೆಯ ಮುಖದ ಪೌಡರನ್ನು ಮುಂಜಾನೆಯೇ ಅಂಗಿಯೊಳಗೆ ಮುಚ್ಚಿಟ್ಟುಕೊಂಡು ತಂದಿದ್ದ. ಡಬ್ಬಿ ಪೂರ್ತಿ ಬರಿದಾಯಿತು. ಮಗುವಿನ ಮೈಗೆ ಹಚ್ಚುವಷ್ಟು ನಯವಾಗಿ ಅದನ್ನು ಟೈರಿನ ನಡುಮೈಗೆ ಸವರಿದ. ಆಮೇಲೆ ಡಬ್ಬಿಗೆ ಅಂಗಡಿಯ ಚಾಕ್ ಪೌಡರು ತುಂಬಿ, ಮುಚ್ಚಳ ಒತ್ತಿ, ಸಂಜೆ ಟ್ರಂಕಿನ ಅದೇ ಮೂಲೆಯಲ್ಲಿ ಅದೇ ಸೀರೆಯ ಕೆಳಗಿಟ್ಟ. ಬಸ್ಸಮ್ಮ ಆ ಡಬ್ಬಿ ತೆಗೆಯುತ್ತಿದ್ದದ್ದು ಮದುವೆ ಮುಂಜಿಗೆ ಮಾತ್ರ. ಸಿಪ್ಪಿ ಮನೆಯಾಕೆಯನ್ನು ಈ ವರ್ಷ ಯಾರೂ ಮದುವೆಗೆ ಕರೆದಿರಲಿಲ್ಲ.

ಅಚ್ಚಿನಿಂದ ಹೊರಬಂದ ಟೈರು ನೋಡಿ ಸೂಗಪ್ಪನೇ ಮರುಳಾದ. ಎಮ್ಮೆಯ ಮೈಯಂತೆ ಮಿರಿಮಿರಿ ಮಿಂಚುತ್ತಿತ್ತು. ಬಿಸಿ ಏರದಿರುವವರೆಗೆ ಇದು ಸಾಧು. ಬೇಸಿಗೆಯ ನೆತ್ತಿಬಿಸಿಲು, ಮೈತುಂಬ ಹೊರೆ, ದೂರದ ಓಟ, ಮೂರೂ ಕೂಡಿದಾಗ ನಡುವೆ ಗಾಳಿ ಉಬ್ಬಿ, ರೊಟ್ಟಿಯ ಪದರದಂತೆ ರಬ್ಬರು ಏಳುತ್ತದೆ. ಮಾನ್ವಿಯಿಂದ ಹೊರಟರೆ ಆ ಹೊತ್ತಿಗೆ ಸರಿಯಾಗಿ ದೇವದುರ್ಗದ ಗುಡ್ಡದ ಇಳಿಜಾರು. ಅದೇ ಇಳಿಜಾರು.

ಮಾನ್ವಿಯ ಪಂಕ್ಚರ್ ಅಂಗಡಿಯ ಅಲ್ಲಾಬಕ್ಷ್ ಹಳೆಯ ಗೆಳೆಯ. ಸೂಗಪ್ಪ ಟೈರನ್ನು ಬಸ್ಸಿನ ಮೇಲೆ ಹಾಕಿಕೊಂಡು ಹೋಗಿ ಅವನ ಮುಂದೆ ಉರುಳಿಸಿದ.

“ಸಿದ್ದರಾಮಪ್ಪನ ಗಾಡಿದು ಮುಂದಿನ ಎಡಗಡೆ ಟೈರು ಹೆಂಗದ?”

“ಸವದು ಒಳಗಿನ ಕ್ಯಾನ್ವಾಸು ಕಾಣಾಕತ್ತದ ಭಾಯ್. ನಿನ್ನಿನೂ ಬಂದಿದ್ದ, ಎಲ್ಲರೆ ಚೊಲೋದು ಇದ್ರ ಹೇಳು ಅಂದ.”

“ಇದು ಕೊಡು. ನನ್ನ ಹೆಸರು ಹೇಳಬ್ಯಾಡ. ಹೇಳಿದ್ರ ತಗೊಳ್ಳಂಗಿಲ್ಲ.”

ಅಲ್ಲಾಬಕ್ಷ್ ಟೈರಿನ ಮೇಲೆ ಅಂಗೈ ಆಡಿಸಿ ಸೂಗಪ್ಪನ ಮುಖ ನೋಡಿದ. “ಅವ ನಿನಗ ಅಷ್ಟು ಮಾಡ್ಯಾನ. ನೀ ಅವನಿಗೆ ಇಂಥಾ ಮಾಲ್ ಮಾಡಿಕೊಡಾಕತ್ತೀಯಲ್ಲ?”

“ಅವ ಮಾಡಿದ್ದು ಅವನ ಹತ್ರ ಇರ್ಲಿ. ನಾ ಮಾಡೋದು ನಾ ಮಾಡ್ತೀನಿ” ಎಂದ ಸೂಗಪ್ಪ. ಅದು ಅವನು ಜೀವಮಾನದಲ್ಲಿ ಆಡಿದ ಅತಿ ನಿಜವಾದ ಮಾತಾಗಿತ್ತು. ಅಲ್ಲಾಬಕ್ಷನ ಕಣ್ಣು ತೇವವಾದವು. ಅದನ್ನು ಕಂಡು ಸೂಗಪ್ಪನಿಗೆ ಒಳಗೊಳಗೇ ಕುಣಿಯುವಂತಾಯಿತು.

ವಾರದೊಳಗೆ ಸುದ್ದಿ ಬಂತು: ಸಿದ್ದರಾಮಪ್ಪ ಟೈರು ಒಯ್ದ. ಯುಗಾದಿ ಬಂತು. ಬಿಸಿಲು ಏರಿತು. ಆ ವರ್ಷ ರಾಯಚೂರಿನ ಬಂಡೆಗಳ ಮೇಲೆ ಜನ ರೊಟ್ಟಿ ಸುಟ್ಟರು, ಕಾಗೆಗಳು ಹಾರುತ್ತ ಹಾರುತ್ತಲೇ ಬೆಂದು ಬಿದ್ದವು. ಮಾನ್ವಿಯ ಬಸ್ಸು ಬಂದಾಗಲೆಲ್ಲ ಸೂಗಪ್ಪ ಕೆಲಸ ಬಿಟ್ಟು ನಿಲ್ದಾಣಕ್ಕೆ ಹೋಗಿ ನಿಲ್ಲುತ್ತಿದ್ದ. ಇಳಿದವರ ಮುಖದಲ್ಲಿ ಸಾವಿನ ಸುದ್ದಿ ಹುಡುಕುತ್ತಿದ್ದ. ಅವರು, “ಏನ್ ಸಿಪ್ಪಿ, ಊಟ ಆತೇನು?” ಎಂದು ಕೇಳಿ ಹೋಗುತ್ತಿದ್ದರು. ಸಿದ್ದರಾಮಪ್ಪ ಸಾಯುತ್ತಿಲ್ಲ. ಸಂತೆ ತಪ್ಪದೆ ದೇವದುರ್ಗಕ್ಕೆ ಹೋಗುತ್ತಿದ್ದಾನೆ, ಬರುತ್ತಿದ್ದಾನೆ, ದಪ್ಪಗಾಗಿದ್ದಾನಂತೆ! ತನ್ನ ಕೈ ಕೆಟ್ಟ ಕೆಲಸವನ್ನೂ ಇಷ್ಟು ಚೆನ್ನಾಗಿ ಮಾಡಿಬಿಟ್ಟಿತೇ ಎಂದು ಸೂಗಪ್ಪ ಹಲ್ಲು ಕಡಿದ.

ವೈಶಾಖದ ಒಂದು ಬೆಳಿಗ್ಗೆ ಆ ಪಿಕಪ್ಪು ಸೂಗಪ್ಪನ ಅಂಗಡಿಯ ಮುಂದೆಯೇ ಬಂದು ನಿಂತಿತು. ಸಿದ್ದರಾಮಪ್ಪ ಇಳಿದ. ಅವನ ಕೈಯಲ್ಲಿ ಚೆಂಡುಹೂವಿನ ಹಾರವಿತ್ತು. ಹಿಂದಿನ ತೊಟ್ಟಿಯಿಂದ ಬೂದೆಮ್ಮ ಇಣುಕಿದಳು.

“ಸೂಗಪ್ಪಣ್ಣ, ನಂದು ತಪ್ಪಾಗ್ಯದ” ಎಂದು ಸಿದ್ದರಾಮಪ್ಪ ಬೀದಿಯಲ್ಲೇ ಕೈ ಮುಗಿದ. “ಅಲ್ಲಾಬಕ್ಷ್ ನಿನ್ನಿ ಎಲ್ಲಾ ಹೇಳಿಬಿಟ್ಟ. ಆ ಟೈರು ಮಾಡಿದವ ನೀನಂತ. ನಾ ಸಂತ್ಯಾಗ ಮಾನ ಕಳದ್ರೂ ನೀ ಬಾಯಿ ಮುಚ್ಚಿಕೊಂಡು ನಂಗ ಚೊಲೋದ ಮಾಡೀದಿ. ರಾತ್ರೆಲ್ಲಾ ನಿದ್ದಿ ಹತ್ತಲಿಲ್ಲಣ್ಣ. ಖರೇ ಹೇಳ್ತೀನಿ ಕೇಳು. ಆವತ್ತು ಗಾಳಿ ಕಮ್ಮಿ ಇತ್ತು, ಹೊರಿ ಡಬಲ್ ಇತ್ತು. ನಂಗ ಗೊತ್ತಿತ್ತು.”

“ಗೊತ್ತಿತ್ತು?”

“ಗೊತ್ತಿತ್ತು. ಮಂದಿ ನನ್ನ ನೋಡಿ ನಗತಾರಂತ ನಿನ್ನ ಕೊಳ್ಳಾಗ ಹಾಕಿದೆ.”

ಸೂಗಪ್ಪನ ಕಿವಿಯಲ್ಲಿ ಹಬೆ ಶಿಳ್ಳೆ ಹಾಕಿತು. ಗೊತ್ತಿತ್ತು! ಗೊತ್ತಿದ್ದೂ ಇಡೀ ವರ್ಷ ಇವನು ಸುಮ್ಮನಿದ್ದ! ಅಲ್ಲೇ ಬಿದ್ದಿದ್ದ ಕಬ್ಬಿಣದ ಪಟ್ಟಿ ಎತ್ತಿಕೊಂಡು ಬಾರಿಸಬೇಕೆನ್ನಿಸಿತು. ಆದರೆ ಚೆಂಡುಹೂವಿನ ಹಾರ ಆಗಲೇ ಕೊರಳಿಗೆ ಬಿದ್ದಿತ್ತು. ಸರಿಯಾಗಿ ಆ ಕಪ್ಪು ಗೆರೆಯಿದ್ದಲ್ಲಿ.

“ಇದು ಸಣ್ಣದು. ದೊಡ್ಡದು ದೇವದುರ್ಗದಾಗ. ಯಾವ ಸಂತ್ಯಾಗ ಸಿಪ್ಪಿ ಹಾಕೀನೋ ಅದ ಸಂತ್ಯಾಗ ಇವತ್ತು ಹಾರ. ಹಲಗಿ ಬಡಿಯವರಿಗೂ ಹೇಳೀನಿ. ಬಸ್ಸಮ್ಮ ಯಕ್ಕನ್ನ ಕರಕೋ, ಓಣಿ ಮಂದಿನ್ನೂ ಕರಕೋ. ಹೆಸರು ಇಟ್ಟಾಕಿನ್ನೂ ಎಳಕೊಂಡು ಬಂದೀನಿ, ಅಕಿನ ಬಾಯಿಂದನ ಹೆಸರು ವಾಪಸ್ ತಗಸ್ತೀನಿ.”

“ವಾಪಸ್ ತಗೋತೀನಪ್ಪಾ” ಎಂದಳು ಬೂದೆಮ್ಮ. “ಬ್ಯಾರೆ ಒಂದು ಇಟ್ಟು ತಗೋತೀನಿ. ಖಾಲಿ ಬಿಡಬಾರ್ದು.”

ಸೂಗಪ್ಪ ನಾಲ್ಕೂ ಗಾಲಿಗಳ ಸುತ್ತ ಬಂದ. ನಾಲ್ಕೂ ಬೋಳು. ಎಡಗಡೆಯ ಮುಂದಿನದು ಇನ್ನೂ ಅದೇ ಕ್ಯಾನ್ವಾಸು ಕಾಣುವ ಟೈರು. ತನ್ನದು ಎಲ್ಲೂ ಇಲ್ಲ.

“ಆ ಟೈರು ಎಲ್ಲದ?”

“ಸ್ಟೆಪ್ನಿ ಮಾಡೀನಣ್ಣ. ಅಂಥಾ ಚೆಂದ ಟೈರು ಕಲ್ಲಾಗ ಓಡಸಾಕ ಮನಸ ಬರಲಿಲ್ಲ. ಗೋಣಿಚೀಲ ಸುತ್ತಿ ಇಟ್ಟೀನಿ ನೋಡು.”

ಹೌದಲ್ಲ! ಈ ಸೀಮೆಯ ಜನ ಹೊಸ ಸೀರೆಯನ್ನು ಟ್ರಂಕಿನಲ್ಲಿಟ್ಟು ಹರಿದದ್ದನ್ನು ಉಡುವವರು, ಹೊಸ ಟೈರನ್ನು ಸ್ಟೆಪ್ನಿ ಮಾಡಿ ಬೋಳು ಟೈರು ಓಡಿಸುವವರು. ಗಿರಾಕಿಗಳಿಗೆ ಇದೇ ಮಾತು ಹೇಳಿ ಬೈಯುತ್ತಿದ್ದವನಿಗೆ ಇದು ಹೊಳೆಯದೆ ಹೋಯಿತಲ್ಲ. ಸೂಗಪ್ಪ ಗೋಣಿಚೀಲದ ಕಡೆ ನೋಡಿದ, ಕೊರಳಿನ ಹಾರದ ಕಡೆ ನೋಡಿದ. ಈಗಲೇ ಆ ಟೈರು ಇಳಿಸಿಕೊಂಡರೆ ಏಕೆ ಎಂದು ಕೇಳುತ್ತಾರೆ. ಹೊತ್ತಾಗುತ್ತದೆ, ಸಂತೆ ಚದುರುತ್ತದೆ. ಮೊದಲು ದೊಡ್ಡ ಹಾರ ಬೀಳಲಿ. ಆಮೇಲೆ ಏನಾದರೂ ನೆವ ಹೇಳಿ ಟೈರು ವಾಪಸು ತೆಗೆದುಕೊಳ್ಳಬೇಕೋ, ಇವನ ಗಾಡಿಯಲ್ಲೇ ಬಿಡಬೇಕೋ, ಹಾರದ ತೂಕ ನೋಡಿ ತೀರ್ಮಾನಿಸಿದರಾಯಿತು.

ಬಸ್ಸಮ್ಮ ಟ್ರಂಕಿನ ಸೀರೆ ಉಟ್ಟು ಬಂದಳು. ವರ್ಷದ ಮೇಲೆ ಅವಳ ಮುಖ ಅರಳಿತ್ತು, ಆದರೆ ಅದರ ತುಂಬ ಬಿಳಿ ಬಿಳಿ ಪಟ್ಟೆ. “ಈ ಪೌಡರಿಗೆ ಏನ್ ರೋಗ ಬಂದದೋ! ವಾಸನಿನೂ ಇಲ್ಲ, ಹತ್ತಂಗೂ ಇಲ್ಲ. ಮಾರಿ ಸುಣ್ಣ ಬಳದ ಗ್ವಾಡಿ ಆಗ್ಯದ” ಎಂದಳು. ಓಣಿಯ ಹೆಂಗಸರು ನಕ್ಕರು. ಸೂಗಪ್ಪ ಕೇಳಿಯೂ ಕೇಳದವನಂತೆ ಮುಂದಿನ ಸೀಟಿನಲ್ಲಿ ಹಾರ ಸರಿಮಾಡಿಕೊಂಡು ಕುಳಿತ. ಹಿಂದೆ ತೊಟ್ಟಿಯಲ್ಲಿ ನಿಲ್ಲಲು ಜಾಗವಿಲ್ಲದಷ್ಟು ಜನ. ಬೂದೆಮ್ಮ ಕ್ಯಾಬಿನ್ನಿನ ತಗಡಿನ ಮೇಲೆ ಎರಡು ಸಲ ಬಡಿದಳು. ಇಂಥ ಗಾಡಿಗಳ ಕಾನೂನು ಅದೇ: ಹಿಂದಿನವರು ಒಂದು ಬಡಿದರೆ ನಿಲ್ಲಿಸು, ಬಡಿತ ಒಂದಕ್ಕಿಂತ ಹೆಚ್ಚಾದರೆ ಬಿಡು. ಸಿದ್ದರಾಮಪ್ಪ ಬಿಟ್ಟ.

ಅರ್ಧ ದಾರಿಯಲ್ಲಿ ಎಡಗಡೆಯ ಬೋಳು ಟೈರು ಉಸ್ಸೆಂದಿತು.

ಸಿದ್ದರಾಮಪ್ಪ ಜಿಗಿದು ಇಳಿದು ಗೋಣಿಚೀಲ ಬಿಚ್ಚಿದ. ಬಿಸಿಲಿಗೆ ಹಿಡಿದು ಎಲ್ಲರಿಗೂ ತೋರಿಸಿದ. “ನೋಡ್ರಿ, ದೇವರು ದೊಡ್ಡಾವ! ಇದು ಹಾಕ್ಕೊಂಡನ ದೇವದುರ್ಗಕ್ಕ ಹೋಗಬೇಕಂತ ಬರದಿತ್ತು!”

“ಪಂಕ್ಚರ್ ತಿದ್ದಿಸ್ಕೊಂಡು ಹೋಗೂಣು” ಎಂದ ಸೂಗಪ್ಪ.

“ಇಲ್ಲೆಲ್ಲಿ ತಿದ್ದಸ್ತಿ, ಜಾಲಿ ಗಿಡದಾಗ?”

“ಹಂಗಾರ ಇದು ಹಿಂದಿನ ಗಾಲಿಗೆ ಹಾಕು. ಹಿಂದಿಂದು ಮುಂದ ಹಾಕು.”

“ನಿನ್ನ ಕೈ ಟೈರು ಇವತ್ತು ಹಿಂದ ಇರಬೇಕೇನು? ಮುಂದ ಇರಬೇಕಣ್ಣ!”

ಹಿಂದಿನವರೆಲ್ಲ ಕೇಕೆ ಹಾಕಿದರು. ಬಸ್ಸಮ್ಮ ಗಂಡನನ್ನು ನೋಡಿದ ನೋಟ ಎಂಥದೆಂದರೆ, ಮದುವೆಯಾದಾಗಿನಿಂದ ಅವಳು ಹಾಗೆ ನೋಡಿರಲಿಲ್ಲ. ಹೇಳಿಬಿಡುವ ಹೊತ್ತು ಅದೇ ಆಗಿತ್ತು. ಸೂಗಪ್ಪನ ಬಾಯಿಗೂ ಬಂತು. ಆದರೆ ಈ ಜನರೆಲ್ಲ ನಗುವುದನ್ನು ಬಿಟ್ಟು ಸುಮ್ಮನೆ ತನ್ನನ್ನು ನೋಡುವ ಆ ಒಂದು ಗಳಿಗೆಯನ್ನು ನೆನೆಸಿಕೊಂಡು ನುಂಗಿಕೊಂಡ. ಉಳಿದದ್ದು ಅರ್ಧ ದಾರಿ. ಟೈರು ಈಗ ತಾನೇ ಗೋಣಿಯಿಂದ ಬಂದದ್ದು, ತಣ್ಣಗಿದೆ. ಮೆಲ್ಲಗೆ ಹೋದರೆ ಏನೂ ಆಗುವುದಿಲ್ಲ.

ಸಿದ್ದರಾಮಪ್ಪ ಮೆಲ್ಲಗೆ ಹೋಗಲಿಲ್ಲ. ಸಂತೆ ಕಾಯುತ್ತಿತ್ತು, ಹಲಗೆಯವರು ಕಾಯುತ್ತಿದ್ದರು, ತಿದ್ದಿಕೊಂಡ ತಪ್ಪು ಅವನ ಕಾಲಿಗೆ ರೆಕ್ಕೆ ಕಟ್ಟಿತ್ತು. ಡಾಂಬರು ಬೆಲ್ಲದ ಪಾಕದಂತೆ ಕರಗಿ ಹರಿಯುತ್ತಿತ್ತು. ದೇವದುರ್ಗದ ಅದೇ ಗುಡ್ಡದ ತಲೆ ಕಾಣುವಾಗ ಸೂಗಪ್ಪನ ಮೂಗಿಗೆ ಸುಟ್ಟ ರಬ್ಬರಿನ ವಾಸನೆ ಬಂತು. ಅದರ ಬೆನ್ನಿಗೇ, ಸಣ್ಣಗೆ, ಮಲ್ಲಿಗೆ. ಕೊರಳಿನ ಹಾರ ಚೆಂಡುಹೂವಿನದು.

“ಸಿದ್ದರಾಮಪ್ಪ, ಗಾಡಿ ನಿಂದ್ರಸು. ಆ ಟೈರು ಕಳಚ್ತದ.”

“ನಿನ್ನ ಟೈರು? ಕಳಚ್ತದ?” ಸಿದ್ದರಾಮಪ್ಪ ಸ್ಟೇರಿಂಗಿನ ಮೇಲೆ ತಲೆ ಇಟ್ಟು ನಕ್ಕ.

“ನಾನ ಕಳಚಂಗ ಮಾಡೀನಲೇ! ನಿನ್ನ ಕೊಲ್ಲಾಕ ಮಾಡೀನಿ! ಅಮಾಸಿ ದಿನ ಒಬ್ಬನ ಕುಂತು, ನಡುವ ಪೌಡರ್ ಹಾಕಿ ಬೇಯ್ಸೀನಿ!”

“ಪೌಡರ್! ಸ್ನೋನೂ ಹಚ್ಚಬೇಕಿತ್ತಣ್ಣ, ಕಾಡಿಗಿನೂ ಇಡಬೇಕಿತ್ತು!”

“ಮನಿದೇವರಾಣಿಗೂ ಖರೇ ಹೇಳಾಕತ್ತೀನಿ!”

“ಮೊಸಳಿಗೂ ಇದ ಆಣಿ ಮಾಡಿದ್ದಿ!”

ಸ್ಟೇರಿಂಗಿಗೆ ಕೈ ಹಾಕಿದರೆ ಗಾಡಿ ಇಲ್ಲೇ ಹೊರಳುತ್ತದೆ. ಇಳಿಜಾರು ಶುರುವಾಗಿತ್ತು. ಸೂಗಪ್ಪ ತಿರುಗಿ, ಬೆನ್ನ ಹಿಂದಿನ ಸರಳಿನ ಕಿಟಕಿಗೆ ಮುಖ ಹಚ್ಚಿ ಕೂಗಿದ. “ಬಸ್ಸಮ್ಮ! ನಿನ್ನ ಪೌಡರ್ ಡಬ್ಬಿ ನಾನ ಬರಿದು ಮಾಡೀನಿ! ಈಗ ಅದರಾಗ ಇರೋದು ಅಂಗಡಿ ಚಾಕ್ ಪೌಡರು! ನಿಂದೆಲ್ಲಾ ಈ ಟೈರಿನಾಗ ಅದ! ಇದು ಸಿಪ್ಪಿ ಸುಲಿತದ, ಎಲ್ಲಾರೂ ಸಾಯ್ತೀವಿ!”

ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. “ಹಾರ ಬೀಳಾಕ ಮೊದಲ ಶುರು ಮಾಡ್ಯಾನ” ಎಂದಳು ಬೂದೆಮ್ಮ. ಬಸ್ಸಮ್ಮನೂ ನಗುತ್ತಿದ್ದಳು. ನಗುತ್ತಲೇ ಕೈ ಕೆನ್ನೆಗೆ ಹೋಯಿತು. ಬೆರಳಿಗೆ ಹತ್ತಿದ ಬಿಳಿ ಪುಡಿಯನ್ನು ಮೂಗಿನ ಹತ್ತಿರ ತಂದಳು. ನಗು ನಿಂತಿತು. ಮೂರು ಊರುಗಳಲ್ಲಿ, ಮೂವತ್ತು ವರ್ಷಗಳಲ್ಲಿ, ಸೂಗಪ್ಪನ ಮಾತನ್ನು ನಂಬಿದ ಮೊದಲ ಜೀವ ಅದು. ಅವಳು ಚೀರುತ್ತ ಮುಂದೆ ನುಗ್ಗಿ, ಎರಡೂ ಕೈಯಿಂದ ಕ್ಯಾಬಿನ್ನಿನ ತಗಡನ್ನು ದಡದಡ, ದಡದಡ ಬಡಿಯತೊಡಗಿದಳು.

ಚಾಕ್ ಪೌಡರಿನಿಂದ ಚಪ್ಪಲಿಯ ಅಟ್ಟೆಯವರೆಗೆ ಎಲ್ಲವನ್ನೂ ತೂಗಿ ನೋಡಿದ್ದ ಸೂಗಪ್ಪ ತಲೆಯೆತ್ತಿ ಆ ಬಡಿತ ಕೇಳಿದ. ಒಂದಲ್ಲ, ಎರಡಲ್ಲ. “ಯಕ್ಕಗ ನಿನಗಿಂತ ಅವಸರ ಅದ!” ಎಂದು ಸಿದ್ದರಾಮಪ್ಪ ಕಾಲನ್ನು ಪೂರ್ತಿ ಒತ್ತಿದ. ಎಡಗಡೆಯ ಗಾಲಿಯಿಂದ ಥಪ್ ಎಂದು ಒಂದು ಸದ್ದು ಬಂತು, ಆಮೇಲೆ ಥಪ್, ಥಪ್ ಎಂದು ಹತ್ತಿರ ಹತ್ತಿರ. “ನಾನ ಮಾಡೀನಿ” ಎಂದ ಸೂಗಪ್ಪ, ಈ ಸಲ ಕೂಗದೆ, ಮೆಲ್ಲಗೆ. “ಖರೇ, ಸಿದ್ದರಾಮಪ್ಪ. ನಾನ.” ಸಿದ್ದರಾಮಪ್ಪ ನಗೆಯ ಕಣ್ಣೀರು ಒರೆಸಿಕೊಂಡು ಅವನ ತೊಡೆಯ ಮೇಲೆ ಪ್ರೀತಿಯಿಂದ ಒಂದೇಟು ಹಾಕಿದ. “ಇದೂ ಚೊಲೋ ಅದ ಬಿಡಣ್ಣ. ಆದ್ರ ಆ ರಸ್ತಿ ಸವದ ಕತಿ ಮುಂದ ಇದೇನೂ ಅಲ್ಲ.”